ಪಾಸ್‌ಪೋರ್ಟಿನ ಬೀಗ ಮತ್ತು ಮಿಂಬರಿನ ಮೌನ

ಯೂಸುಫ್(ಅ)ರ ವೃತ್ತಾಂತವನ್ನು ಕೇಳದೆ ಬೆಳೆದ ಮುಸ್ಲಿಂ ಮಗುವಿಲ್ಲ. ಸಹನೆಗೆ, ಪಾವಿತ್ರ್ಯಕ್ಕೆ, ಕ್ಷಮೆಗೆ ಅದನ್ನು ಮಾದರಿಯಾಗಿ ಹೇಳುವುದು ವಾಡಿಕೆ. ಆದರೆ ಆ ವೃತ್ತಾಂತದ ನಡುವೆ ಒಂದು ವ್ಯಾಪಾರವೂ ನಡೆದಿದೆ ಎಂಬುದರ ಬಳಿ ನಮ್ಮ ಉಪನ್ಯಾಸಕರು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆಟವಾಡಿಸಿ ಕರೆತರುತ್ತೇವೆಂದು ತಂದೆಗೆ ಮಾತು ಕೊಟ್ಟ ಅಣ್ಣಂದಿರೇ ಬಾಲಕನನ್ನು ಬಾವಿಗಿಳಿಸುತ್ತಾರೆ. ನೀರಿಗಾಗಿ ಬಂದ ವರ್ತಕರು ಅವನನ್ನು ಸರಕಿನಂತೆ ಬಚ್ಚಿಡುತ್ತಾರೆ. ಎಣಿಕೆಯ ಕೆಲವೇ ದಿರ್ಹಮ್‌ಗಳಿಗೆ ಮಾರಾಟ ನಡೆಯುತ್ತದೆ. ಈಜಿಪ್ಟಿನಲ್ಲಿ ಅವನನ್ನು ಕೊಂಡ ಮನೆಯಲ್ಲಿ ಯಜಮಾನಿಯ ಕಿರುಕುಳ, ಅಲ್ಲಿಂದ ತಪ್ಪಿಸಿಕೊಳ್ಳಲು ಬಾಗಿಲಿನತ್ತ ಓಡಿದವನ ಮೇಲೆಯೇ ಆರೋಪ, ಕೊನೆಗೆ ನಿರಪರಾಧಿಗೇ ಸೆರೆವಾಸ. ನಂಬಿದ ಬಂಧು, ಸುಳ್ಳು ಭರವಸೆ, ಸಾಗಿಸುವವ, ಕೊಳ್ಳುವವ, ಮುಚ್ಚಿದ ಬಾಗಿಲು, ಸಂತ್ರಸ್ತನಿಗೇ ಶಿಕ್ಷೆ: ಇಂದು ಜಗತ್ತಿನ ಯಾವ ಮೂಲೆಯಲ್ಲಿ ಮಾನವ ಕಳ್ಳಸಾಗಣೆಯ ಪ್ರಕರಣ ಬಯಲಾದರೂ ಅದರ ಕೊಂಡಿಗಳು ಇವೇ.

'ಕಳ್ಳಸಾಗಣೆ' ಎಂಬ ಕನ್ನಡ ಪದವೇ ಇಲ್ಲಿ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಪದ ಕೇಳಿದೊಡನೆ ಕತ್ತಲ ರಾತ್ರಿ, ದೋಣಿ, ಗಡಿಯ ಮುಳ್ಳುಬೇಲಿ ಕಣ್ಣ ಮುಂದೆ ಬರುತ್ತವೆ. ವಾಸ್ತವದಲ್ಲಿ ಈ ವ್ಯಾಪಾರಕ್ಕೆ ಸಿಲುಕಿದ ಎಷ್ಟೋ ಜನರು ಹಾಡಹಗಲಲ್ಲಿ, ವೀಸಾದ ಮುದ್ರೆ ಒತ್ತಿಸಿಕೊಂಡು, ಕುಟುಂಬದವರ ದುಆ ಪಡೆದು, ವಿಮಾನ ನಿಲ್ದಾಣದ ಮುಂಬಾಗಿಲಿನಿಂದಲೇ ಹೋಗುತ್ತಾರೆ. ಇಲ್ಲಿ ಕಳ್ಳತನವಾಗುವುದು ಗಡಿಯಲ್ಲಲ್ಲ, ಮನುಷ್ಯನ ಸ್ವಾತಂತ್ರ್ಯದಲ್ಲಿ. ವಿಶ್ವಸಂಸ್ಥೆಯೂ ಇವೆರಡನ್ನು ಬೇರ್ಪಡಿಸಿಯೇ ಎರಡು ಪ್ರತ್ಯೇಕ ಒಡಂಬಡಿಕೆಗಳನ್ನು ರೂಪಿಸಿತು: ಹಣ ಪಡೆದು ಜನರನ್ನು ಅಕ್ರಮವಾಗಿ ಗಡಿ ದಾಟಿಸುವುದರ ವಿರುದ್ಧ ಒಂದು, ಶೋಷಣೆಗಾಗಿ ಮನುಷ್ಯರನ್ನು ವ್ಯಾಪಾರ ಮಾಡುವುದರ ವಿರುದ್ಧ ಇನ್ನೊಂದು. ಎರಡನೆಯದನ್ನು ಪಲೆರ್ಮೊ ಒಡಂಬಡಿಕೆ ಎನ್ನುತ್ತಾರೆ. 2000ದ ನವೆಂಬರಿನಲ್ಲಿ ಮಹಾಸಭೆ ಅದನ್ನು ಅಂಗೀಕರಿಸಿತು, 2003ರ ಡಿಸೆಂಬರಿನಲ್ಲಿ ಅದು ಜಾರಿಗೆ ಬಂತು. ಭಾರತ 2011ರಲ್ಲಿ ಅದನ್ನು ಅನುಮೋದಿಸಿತು. ಇಂದು 180ಕ್ಕೂ ಹೆಚ್ಚು ರಾಷ್ಟ್ರಗಳು ಅದಕ್ಕೆ ಬದ್ಧವಾಗಿವೆ.

ಆ ಒಡಂಬಡಿಕೆಯ ವ್ಯಾಖ್ಯೆ ಗಮನವಿಟ್ಟು ಓದಬೇಕಾದುದು. ಮೂರು ಅಂಶಗಳು ಕೂಡಿದಲ್ಲಿ ಅಪರಾಧ ಪೂರ್ಣವಾಗುತ್ತದೆ: ಜನರನ್ನು ನೇಮಿಸುವ, ಸಾಗಿಸುವ, ಆಶ್ರಯವಿತ್ತು ಇರಿಸಿಕೊಳ್ಳುವ ಕೃತ್ಯ, ಬಲಾತ್ಕಾರ, ವಂಚನೆ ಅಥವಾ ಅಸಹಾಯಕತೆಯ ದುರ್ಬಳಕೆ ಎಂಬ ಉಪಾಯ, ಶೋಷಣೆ ಎಂಬ ಉದ್ದೇಶ. ಇಂಥ ಉಪಾಯಗಳು ಬಳಕೆಯಾಗಿದ್ದರೆ ಸಂತ್ರಸ್ತರು 'ಒಪ್ಪಿದ್ದರು' ಎಂಬ ವಾದಕ್ಕೆ ಬೆಲೆಯಿಲ್ಲ. ಹದಿನೆಂಟರ ಒಳಗಿನವರ ವಿಷಯದಲ್ಲಂತೂ ಉಪಾಯವನ್ನು ಸಾಬೀತುಪಡಿಸುವ ಅಗತ್ಯವೂ ಇಲ್ಲ. ಹಸಿದವನ ಸಹಿಯನ್ನು ಸಮ್ಮತಿ ಎಂದು ಕರೆಯಬೇಡಿರಿ ಎಂಬುದೇ ಇದರ ಸಾರ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಇತರ ಸಂಸ್ಥೆಗಳೊಡನೆ 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2021ರಲ್ಲಿ ಜಗತ್ತಿನಾದ್ಯಂತ 2.76 ಕೋಟಿ ಜನರು ಬಲವಂತದ ದುಡಿಮೆಯಲ್ಲಿ ಸಿಲುಕಿದ್ದರು. ವಲಸೆ ಕಾರ್ಮಿಕರು ಇದಕ್ಕೆ ಬಲಿಯಾಗುವ ಸಂಭವ ಇತರ ಕಾರ್ಮಿಕರಿಗಿಂತ ಮೂರು ಪಟ್ಟಿಗೂ ಅಧಿಕ ಎಂದು ಅದೇ ವರದಿ ಹೇಳುತ್ತದೆ. 2024ರಲ್ಲಿ ಅದೇ ಸಂಘಟನೆ ಈ ದುಡಿಮೆಯಿಂದ ಹುಟ್ಟುವ ಅಕ್ರಮ ಲಾಭವನ್ನು ವರ್ಷಕ್ಕೆ 23,600 ಕೋಟಿ ಡಾಲರ್ ಎಂದು ಲೆಕ್ಕಹಾಕಿತು.

ಈ ಅಂಕಿಗಳು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ನಮ್ಮ ಸಮುದಾಯದ ವೇದಿಕೆಗಳಲ್ಲಿ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: ಹದಿನಾಲ್ಕು ಶತಮಾನಗಳ ಹಿಂದೆಯೇ ಇಸ್ಲಾಮ್ ಇದಕ್ಕೆಲ್ಲ ಪರಿಹಾರ ಕೊಟ್ಟಿದೆ. ಮಾತು ನಿಜ. ಆದರೆ ಔಷಧಿಯ ಬಾಟಲಿಯನ್ನು ಕಪಾಟಿನಲ್ಲಿಟ್ಟು ಅದರ ಹೆಸರನ್ನು ಹೊಗಳುತ್ತಾ ಕುಳಿತರೆ ರೋಗ ವಾಸಿಯಾಗುವುದಿಲ್ಲ. ಪರಿಹಾರ ಏನೆಂಬುದನ್ನು ತೆರೆದು ನೋಡುವ, ಅದನ್ನು ಮೊದಲು ಯಾರಿಗೆ ಕುಡಿಸಬೇಕೆಂದು ಕೇಳುವ ಧೈರ್ಯ ನಮಗಿದೆಯೇ?

ಸೂರಃ ಅನ್ನೂರ್‌ನ 33ನೆಯ ವಚನವನ್ನು ತೆಗೆದುಕೊಳ್ಳೋಣ. ಒಂದೇ ವಚನದಲ್ಲಿ ಮೂರು ಆದೇಶಗಳಿವೆ. ಬಿಡುಗಡೆಯ ಕರಾರು ಬಯಸುವ ಗುಲಾಮರೊಂದಿಗೆ ಕರಾರು ಮಾಡಿಕೊಳ್ಳಬೇಕು, ಅಲ್ಲಾಹನು ಕೊಟ್ಟ ಸಂಪತ್ತಿನಿಂದ ಅವರಿಗೆ ನೆರವಾಗಬೇಕು, ಮತ್ತು ಐಹಿಕ ಲಾಭಕ್ಕಾಗಿ ದಾಸಿಯರನ್ನು ವೇಶ್ಯಾವೃತ್ತಿಗೆ ಬಲವಂತಪಡಿಸಬಾರದು. ಮದೀನಾದ ಕಪಟಿಗಳ ನಾಯಕ ಅಬ್ದುಲ್ಲಾಹ್ ಇಬ್ನ್ ಉಬೈ ತನ್ನ ದಾಸಿಯರನ್ನು ಈ ದಂಧೆಗೆ ದೂಡುತ್ತಿದ್ದನೆಂದೂ, ಆ ಹಿನ್ನೆಲೆಯಲ್ಲಿ ಈ ವಚನ ಅವತೀರ್ಣವಾಯಿತೆಂದೂ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ವಚನದ ಕೊನೆಯ ಭಾಗ ಇನ್ನೂ ಮಹತ್ವದ್ದು: ಯಾರಾದರೂ ಹಾಗೆ ಬಲವಂತಪಡಿಸಿದರೆ, ಬಲವಂತಕ್ಕೊಳಗಾದ ಆ ಸ್ತ್ರೀಯರ ಪಾಲಿಗೆ ಅಲ್ಲಾಹನು ಕ್ಷಮಾಶೀಲನೂ ಕರುಣಾಮಯಿಯೂ ಆಗಿರುತ್ತಾನೆ ಎಂಬ ಆಶ್ವಾಸನೆ ಅಲ್ಲಿದೆ. ಸಂತ್ರಸ್ತರನ್ನು ಅಪರಾಧಿಗಳಂತೆ ಶಿಕ್ಷಿಸಬಾರದು ಎಂಬ ತತ್ವವನ್ನು ಯುರೋಪಿನ ಕೌನ್ಸಿಲ್ ತನ್ನ ಒಪ್ಪಂದದಲ್ಲಿ ಬರೆದುಕೊಂಡದ್ದು 2005ರಲ್ಲಿ. ಅಂದರೆ ಇಂದಿನ ಅಂತಾರಾಷ್ಟ್ರೀಯ ಕಾನೂನು ಮತ್ತು ನಮ್ಮ ಶರೀಅತ್ ಈ ವಿಷಯದಲ್ಲಿ ಎದುರಾಳಿಗಳಲ್ಲ. ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿವೆ.

ಇನ್ನು ಸಹೀಹ್ ಬುಖಾರಿಯ ಒಂದು ಹದೀಸ್ ಕುದ್ಸಿ. ಪುನರುತ್ಥಾನದ ದಿನ ಮೂವರ ವಿರುದ್ಧ ಸ್ವತಃ ಅಲ್ಲಾಹನೇ ಎದುರಾಳಿಯಾಗಿ ನಿಲ್ಲುವನೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಅವನ ಹೆಸರಿನಲ್ಲಿ ಮಾತು ಕೊಟ್ಟು ಮುರಿದವ ಒಬ್ಬ. ಸ್ವತಂತ್ರ ಮನುಷ್ಯನನ್ನು ಮಾರಿ ಅದರ ಬೆಲೆಯನ್ನು ತಿಂದವ ಇನ್ನೊಬ್ಬ. ಕೂಲಿಯಾಳಿನಿಂದ ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವ ಮೂರನೆಯವ. ಈ ಮೂವರನ್ನು ಬೇರೆ ಬೇರೆಯಾಗಿ ಓದುವ ಅಭ್ಯಾಸ ನಮ್ಮದು. ಒಟ್ಟಾಗಿ ಓದಿರಿ. ಸುಳ್ಳು ಭರವಸೆ ಕೊಟ್ಟು ಕರೆದೊಯ್ಯುವ ಏಜೆಂಟ್, ತಲೆಗಿಷ್ಟೆಂದು ಕಮಿಷನ್ ಪಡೆದು ಕೈಬದಲಾಯಿಸುವ ದಲ್ಲಾಳಿ, ದುಡಿಸಿಕೊಂಡು ಸಂಬಳ ತಡೆಯುವ ಯಜಮಾನ ಒಂದೇ ಸರಪಳಿಯ ಮೂರು ಕೊಂಡಿಗಳಾಗಿ ಎದ್ದು ನಿಲ್ಲುತ್ತಾರೆ.

ಈಗ ಅಹಿತಕರವಾದ ಪ್ರಶ್ನೆಗೆ ಬರೋಣ. ಈ ಹದೀಸನ್ನು ಅದರ ಮೂಲ ಅರಬಿ ಭಾಷೆಯಲ್ಲೇ ಅರ್ಥ ಮಾಡಿಕೊಳ್ಳಬಲ್ಲ ಜನರ ನಾಡುಗಳಲ್ಲಿ ವಲಸೆ ಕಾರ್ಮಿಕನ ಸ್ಥಿತಿ ಏನು? ಕೊಲ್ಲಿಯ ಆರು ರಾಷ್ಟ್ರಗಳೂ ಪಲೆರ್ಮೊ ಒಡಂಬಡಿಕೆಗೆ ಸೇರಿವೆ. ಯುಎಇ 2006ರಲ್ಲಿ, ಬಹ್ರೈನ್ 2008ರಲ್ಲಿ, ಸೌದಿ ಅರೇಬಿಯಾ 2009ರಲ್ಲಿ ಮಾನವ ಕಳ್ಳಸಾಗಣೆಯ ವಿರುದ್ಧ ಪ್ರತ್ಯೇಕ ಕಾನೂನುಗಳನ್ನು ತಂದವು. ಕಾಗದದ ಮೇಲೆ ಕೊರತೆಯಿಲ್ಲ. ಆದರೆ ಆ ಕಾನೂನುಗಳ ಪಕ್ಕದಲ್ಲೇ 'ಕಫಾಲಾ' ಎಂಬ ಪ್ರಾಯೋಜಕತ್ವದ ವ್ಯವಸ್ಥೆ ದಶಕಗಳ ಕಾಲ ಬೇರೂರಿ ಕುಳಿತಿತು. ಕಾರ್ಮಿಕನ ಇಕಾಮಾ ಕಫೀಲನ ಕೈಯಲ್ಲಿ. ಕೆಲಸ ಬದಲಾಯಿಸಲು ಅವನ ಒಪ್ಪಿಗೆ ಬೇಕು, ಕೆಲವೆಡೆ ದೇಶ ಬಿಟ್ಟು ಊರಿಗೆ ಬರಲೂ ಅವನ ಒಪ್ಪಿಗೆ ಬೇಕು. ಕಾರ್ಮಿಕನ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವುದು ಅಲ್ಲಿನ ನಿಯಮಗಳ ಪ್ರಕಾರವೇ ತಪ್ಪು, ಆದರೂ ಅದು ಕಫೀಲನ ಕಪಾಟಿನಲ್ಲಿ ಬೀಗದೊಳಗೆ ಇರುವುದು ಎಷ್ಟು ಸಾಮಾನ್ಯವೆಂದರೆ, ಕರಾವಳಿಯ ಹಳ್ಳಿಗಳಲ್ಲಿ ಅದನ್ನು ಅನ್ಯಾಯವೆಂದು ಯಾರೂ ಹೇಳುವುದೇ ಇಲ್ಲ. "ಪಾಸ್‌ಪೋರ್ಟ್ ಕಫೀಲನ ಹತ್ತಿರ ಉಂಟು" ಎಂಬುದು ಹವಾಮಾನದ ವರದಿಯಷ್ಟೇ ಸಹಜವಾದ ವಾಕ್ಯ.

ಸಂಬಳವಿಲ್ಲದೆ, ಹೊಡೆತ ತಾಳಲಾರದೆ ಆ ಮನೆಯಿಂದ ಓಡಿಹೋದವನ ಗತಿಯೇನು? ಅವನ ಮೇಲೆ 'ಹುರೂಬ್' ದಾಖಲಾಗುತ್ತದೆ. ಪರಾರಿಯಾದವನೆಂದು ಯಜಮಾನ ಒಂದು ದೂರು ಕೊಟ್ಟರೆ ಸಾಕು, ಸಂತ್ರಸ್ತ ಅಪರಾಧಿಯಾಗುತ್ತಾನೆ. ಬಾಗಿಲಿನತ್ತ ಓಡಿದ ಯೂಸುಫ್(ಅ)ರನ್ನೇ ಸೆರೆಮನೆಗೆ ಕಳುಹಿಸಿದ ಅಝೀಝನ ಮನೆಯ ನ್ಯಾಯವಿದು. ಸೂರಃ ಅನ್ನೂರ್‌ನ ನ್ಯಾಯವಲ್ಲ.

ಸುಧಾರಣೆಗಳು ಆಗಿಲ್ಲವೆಂದು ಹೇಳಿದರೆ ಅದು ಅನ್ಯಾಯ. ಕತಾರ್ 2020ರಲ್ಲಿ ಕೆಲಸ ಬದಲಾಯಿಸಲು ಬೇಕಿದ್ದ ಯಜಮಾನನ ನಿರಾಕ್ಷೇಪಣಾ ಪತ್ರವನ್ನು ತೆಗೆದುಹಾಕಿತು, 2021ರ ಮಾರ್ಚಿನಿಂದ ಮನೆಗೆಲಸದವರನ್ನೂ ಒಳಗೊಂಡಂತೆ ಎಲ್ಲರಿಗೂ ತಿಂಗಳಿಗೆ 1,000 ರಿಯಾಲ್‌ಗಳ ಕನಿಷ್ಠ ವೇತನ ಜಾರಿಗೆ ತಂದಿತು. ಸೌದಿ ಅರೇಬಿಯಾ ಅದೇ ತಿಂಗಳು ತನ್ನ ಸುಧಾರಣೆಗಳನ್ನು ಆರಂಭಿಸಿತು. ಆದರೆ ಮನೆಗೆಲಸದವರನ್ನು, ಅಂದರೆ ಅತ್ಯಂತ ದುರ್ಬಲರನ್ನೇ, ಅದರ ಹೊರಗಿಟ್ಟಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದವರ ಹಕ್ಕುಗಳಿಗಾಗಿ 2011ರಲ್ಲಿ ರೂಪಿಸಿದ 189ನೆಯ ಸಮಾವೇಶವನ್ನು ಕೊಲ್ಲಿಯ ಯಾವ ರಾಷ್ಟ್ರವೂ ಅನುಮೋದಿಸಿಲ್ಲ. ನಮ್ಮ ಭಾರತವೂ ಅನುಮೋದಿಸಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ನಾಲ್ಕು ಗೋಡೆಗಳ ನಡುವಿನ ದುಡಿಮೆಗೆ ಕಾನೂನಿನ ಕಣ್ಣು ತಲುಪುವುದು ಯಾರಿಗೂ ಬೇಕಿಲ್ಲ.

ಶ್ರೀಲಂಕಾದ ಮೂದೂರಿನ ಒಬ್ಬ ಮುಸ್ಲಿಂ ಬಾಲಕಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಬಡ ಕುಟುಂಬದ ಮಗಳು. 2005ರಲ್ಲಿ, ಹದಿನೇಳರ ಪ್ರಾಯದಲ್ಲಿ, ಪಾಸ್‌ಪೋರ್ಟಿನಲ್ಲಿ ವಯಸ್ಸನ್ನು ಹೆಚ್ಚಿಸಿ ಬರೆಸಿ ಆಕೆಯನ್ನು ಮನೆಗೆಲಸಕ್ಕೆಂದು ಸೌದಿ ಅರೇಬಿಯಾಕ್ಕೆ ಕಳುಹಿಸಲಾಯಿತು. ಹೋದ ಕೆಲವೇ ವಾರಗಳಲ್ಲಿ ಆಕೆಯ ಆರೈಕೆಗೆ ಬಿಟ್ಟಿದ್ದ ಹಸುಗೂಸು ಮರಣಹೊಂದಿತು. ಹಾಲು ಕುಡಿಸುವಾಗ ಉಸಿರುಗಟ್ಟಿತೆಂದು ಆಕೆ, ಕೊಲೆಯೆಂದು ಮನೆಯವರು. ವಿಚಾರಣೆಯ ಆರಂಭದಲ್ಲಿ ಆಕೆಗೆ ವಕೀಲರಿರಲಿಲ್ಲ. ಜಗತ್ತಿನ ಹಲವು ಕಡೆಗಳಿಂದ ಮನವಿಗಳು ಹೋದವು. 2013ರ ಜನವರಿಯಲ್ಲಿ ಆಕೆಯ ಶಿರಚ್ಛೇದವಾಯಿತು. ಮಗುವನ್ನು ಕಳೆದುಕೊಂಡ ತಾಯಿಯ ದುಃಖವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಸಂದೇಹವಿದ್ದಲ್ಲಿ ಶಿಕ್ಷೆಯನ್ನು ತಡೆಹಿಡಿಯಬೇಕೆಂಬುದು ನಮ್ಮ ಫುಕಹಾಗಳು ಹುದೂದ್‌ನ ಅಧ್ಯಾಯದಲ್ಲಿ ಕಲಿಸಿದ ಪ್ರಸಿದ್ಧ ನಿಯಮ. ಕಿಸಾಸ್‌ಗೂ ಅದನ್ನು ಅನ್ವಯಿಸಿದವರು ಅನೇಕರು. ಸುಳ್ಳು ದಾಖಲೆಯ ಮೇಲೆ ಸಾಗಿಸಲ್ಪಟ್ಟ, ಭಾಷೆ ಬಾರದ, ವಕೀಲರಿಲ್ಲದ ಒಬ್ಬ ಬಾಲಕಿಯ ವಿಷಯದಲ್ಲಿ ಸಂದೇಹಕ್ಕೆ ಇನ್ನೇನು ಬೇಕಿತ್ತು? ಆಕೆಯ ವಯಸ್ಸನ್ನು ತಿದ್ದಿದ ಕೈಗಳು ಮರೆಯಲ್ಲಿ ಉಳಿದವು, ಕತ್ತಿ ಆಕೆಯ ಕೊರಳಿಗೆ ಬಿತ್ತು. ಇದರ ಬಗ್ಗೆ ಹೆಚ್ಚು ಮಾತನಾಡಿದವರು ಮಾನವ ಹಕ್ಕುಗಳ ಸಂಘಟನೆಗಳು. ಆಕೆ ನಮಾಝ್ ಮಾಡುವ ಹುಡುಗಿಯಾಗಿದ್ದಳು. ಆದರೂ ಉಪಖಂಡದ ನಮ್ಮ ಮಿಂಬರ್‌ಗಳಿಂದ ಆಕೆಯ ಪರ ಎದ್ದ ಧ್ವನಿ ಬಹಳ ಕ್ಷೀಣವಾಗಿತ್ತು.

ಇಷ್ಟು ಹೇಳಿದೊಡನೆ ನಮಗೆ ಬರುವ ಆಕ್ಷೇಪವನ್ನು ನಾವು ಬಲ್ಲೆವು. ಇದೆಲ್ಲ ಪಾಶ್ಚಾತ್ಯರ ಅಪಪ್ರಚಾರ, ಗುಲಾಮಗಿರಿಯ ಇತಿಹಾಸವುಳ್ಳವರೇ ನಮಗೆ ಪಾಠ ಹೇಳುತ್ತಿದ್ದಾರೆ ಎಂಬುದು ಅದು. ಆಕ್ಷೇಪದ ಮೊದಲರ್ಧವನ್ನು ಕೇಳಿದವರಿಗಿಂತಲೂ ಗಟ್ಟಿಯಾಗಿ ನಾವೇ ಹೇಳಬಲ್ಲೆವು. ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದುಪಡಿಸುವ ಕಾಯ್ದೆ ಮಾಡಿದಾಗ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟದ್ದು ಗುಲಾಮರಿಗಲ್ಲ, ಅವರ ಒಡೆಯರಿಗೆ. ಮರುವರ್ಷವೇ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳ ಹಡಗು ಮಾರಿಷಸ್ಸಿನತ್ತ ಹೊರಟಿತು. 1904ರಲ್ಲಿ ಈ ವಿಷಯದ ಬಗ್ಗೆ ಮೊದಲ ಅಂತಾರಾಷ್ಟ್ರೀಯ ಒಪ್ಪಂದವಾದಾಗ ಅದರ ಶೀರ್ಷಿಕೆಯಲ್ಲೇ 'ಬಿಳಿಯ ಗುಲಾಮರ' ವ್ಯಾಪಾರ ಎಂದಿತ್ತು. ಕಪ್ಪು, ಕಂದು ಮೈಬಣ್ಣದ ಹೆಣ್ಣುಮಕ್ಕಳು ಆ ಹೆಸರಿನೊಳಗೆ ಬರಲಿಲ್ಲ. ಇಂದಿಗೂ ಅಮೆರಿಕದ ವಿದೇಶಾಂಗ ಇಲಾಖೆ 2001ರಿಂದ ವರ್ಷವರ್ಷವೂ ಜಗತ್ತಿನ ರಾಷ್ಟ್ರಗಳಿಗೆ ಶ್ರೇಣಿ ನೀಡುತ್ತಾ ಬಂದಿದೆ, ಆದರೆ ತನಗೇ ಶ್ರೇಣಿ ಕೊಟ್ಟುಕೊಳ್ಳಲು ಅದು ಆರಂಭಿಸಿದ್ದು 2010ರಲ್ಲಿ. ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬಗಳ ಹಕ್ಕುಗಳಿಗಾಗಿ ವಿಶ್ವಸಂಸ್ಥೆ 1990ರಲ್ಲಿ ಒಂದು ಸಮಾವೇಶವನ್ನು ಅಂಗೀಕರಿಸಿತು. ವಲಸಿಗರನ್ನು ದುಡಿಸಿಕೊಳ್ಳುವ ಶ್ರೀಮಂತ ಪಾಶ್ಚಾತ್ಯ ರಾಷ್ಟ್ರಗಳಲ್ಲಿ ಒಂದೂ ಅದನ್ನು ಅನುಮೋದಿಸಲಿಲ್ಲ. ಅಪರಾಧಿಯನ್ನು ಹಿಡಿಯುವ ಒಪ್ಪಂದಕ್ಕೆ ಎಲ್ಲರೂ ಸಹಿ ಹಾಕುತ್ತಾರೆ, ಕಾರ್ಮಿಕನಿಗೆ ಹಕ್ಕು ಕೊಡುವ ಒಪ್ಪಂದಕ್ಕೆ ಕೈ ಹಿಂದೆಗೆಯುತ್ತಾರೆ. ಅಂತಾರಾಷ್ಟ್ರೀಯ ಪ್ರಯತ್ನಗಳ ಮೂಲ ದೌರ್ಬಲ್ಯ ಇದೇ. ಪಲೆರ್ಮೊ ಒಡಂಬಡಿಕೆ ಕೂಡ ಸಂಘಟಿತ ಅಪರಾಧದ ವಿರುದ್ಧದ ಸಮಾವೇಶದ ಕೊಂಬೆಯಾಗಿ ಹುಟ್ಟಿದ್ದೇ ಹೊರತು ಮಾನವ ಹಕ್ಕುಗಳ ಬೇರಿನಿಂದಲ್ಲ. ಸಂತ್ರಸ್ತರ ವಸತಿ, ಚಿಕಿತ್ಸೆ, ಪರಿಹಾರಗಳ ಬಗ್ಗೆ ಅದರಲ್ಲಿರುವ ಮಾತುಗಳ ಪೈಕಿ ಹೆಚ್ಚಿನವು 'ಸೂಕ್ತ ಸಂದರ್ಭಗಳಲ್ಲಿ ಪರಿಗಣಿಸಬೇಕು' ಎಂಬಷ್ಟಕ್ಕೆ ಸೀಮಿತ.

ಆದರೆ ಆಕ್ಷೇಪದ ಉತ್ತರಾರ್ಧವನ್ನು ನಾವು ಒಪ್ಪಲಾರೆವು. ನೆರೆಮನೆಯವನು ಕಪಟಿ ಎಂಬ ಕಾರಣಕ್ಕೆ ನಮ್ಮ ಮನೆಯ ಕಳವು ಹಲಾಲ್ ಆಗುವುದಿಲ್ಲ. 2015ರ ಮೇ ತಿಂಗಳಲ್ಲಿ ಮಲೇಷ್ಯಾದ ವಾಂಗ್ ಕೆಲಿಯಾನ್ ಎಂಬಲ್ಲಿ, ಥಾಯ್ಲೆಂಡಿನ ಗಡಿಗೆ ತಾಗಿದ ಕಾಡಿನಲ್ಲಿ, 139 ಗೋರಿಗಳು ಪತ್ತೆಯಾದವು. ಪಕ್ಕದಲ್ಲಿ ಜನರನ್ನು ಒತ್ತೆಯಿಟ್ಟು ಕುಟುಂಬಗಳಿಂದ ಹಣ ಸುಲಿಯುವ ಶಿಬಿರಗಳಿದ್ದವು. ಅಲ್ಲಿ ಸತ್ತವರು ಮ್ಯಾನ್ಮಾರಿನಿಂದ ಪ್ರಾಣ ಉಳಿಸಿಕೊಳ್ಳಲು ಓಡಿಬಂದ ರೊಹಿಂಗ್ಯಾ ಮುಸ್ಲಿಮರು ಮತ್ತು ಬಾಂಗ್ಲಾದೇಶೀಯರು ಎಂದು ನಂಬಲಾಗಿದೆ. ಕೆಲವೇ ವಾರಗಳ ನಂತರ, ಜುಲೈಯಲ್ಲಿ, ಅಮೆರಿಕ ತನ್ನ ಪಟ್ಟಿಯಲ್ಲಿ ಮಲೇಷ್ಯಾವನ್ನು ಕನಿಷ್ಠ ಶ್ರೇಣಿಯಿಂದ ಮೇಲಕ್ಕೆತ್ತಿತು. ಆಗ ಆ ದೇಶದೊಂದಿಗೆ ವಾಣಿಜ್ಯ ಒಪ್ಪಂದದ ಮಾತುಕತೆ ನಡೆಯುತ್ತಿತ್ತು. ವಾಷಿಂಗ್ಟನ್ನಿನ ಇಬ್ಬಗೆಯ ನೀತಿಗೆ ಇದಕ್ಕಿಂತ ಉದಾಹರಣೆ ಬೇಡ. ಆದರೆ ಆ ಕಾಡು ಯಾವ ದೇಶದ್ದು? ರೊಹಿಂಗ್ಯಾಗಳಿಗಾಗಿ ನಮ್ಮ ಊರುಗಳಲ್ಲಿ ಮೆರವಣಿಗೆಗಳಾದವು, ಕುನೂತ್ ಓದಲಾಯಿತು. ಅವರನ್ನು ಮ್ಯಾನ್ಮಾರಿನ ಸೈನಿಕರು ಕೊಂದಾಗ ಉಕ್ಕಿದ ನಮ್ಮ ಕಣ್ಣೀರು, ಮುಸ್ಲಿಂ ಬಹುಸಂಖ್ಯಾತ ದೇಶದ ಗಡಿಯೊಳಗೆ ದಲ್ಲಾಳಿಗಳ ಕೈಯಲ್ಲಿ ಅವರು ಸತ್ತಾಗ ಏಕೆ ಇಂಗಿಹೋಯಿತು? ಥಾಯ್ಲೆಂಡಿನ ನ್ಯಾಯಾಲಯ 2017ರಲ್ಲಿ ಈ ಜಾಲದ 62 ಮಂದಿಯನ್ನು ಅಪರಾಧಿಗಳೆಂದು ಘೋಷಿಸಿತು. ಅವರಲ್ಲಿ ಸೇನೆಯ ಒಬ್ಬ ಜನರಲ್ ಕೂಡ ಇದ್ದ.

ಉಲಮಾಗಳಿಗೆ ಮಾತು ಬಾರದೆಂದಲ್ಲ. 2014ರಲ್ಲಿ ಐಸಿಸ್ ಎಂಬ ಗುಂಪು ಇರಾಕಿನ ಯಝೀದಿ ಮಹಿಳೆಯರನ್ನು ಗುಲಾಮರನ್ನಾಗಿಸಿ ಮಾರಿದಾಗ, ಜಗತ್ತಿನ 126 ಮಂದಿ ಮುಸ್ಲಿಂ ವಿದ್ವಾಂಸರು ಆ ಗುಂಪಿನ ನಾಯಕನಿಗೆ ಬಹಿರಂಗ ಪತ್ರ ಬರೆದರು. ಗುಲಾಮಗಿರಿಯನ್ನು ಮರಳಿ ತರುವುದು ನಿಷಿದ್ಧ, ಅದರ ನಿರ್ಮೂಲನದ ಮೇಲೆ ಸಮುದಾಯದ ಸರ್ವಸಮ್ಮತಿ ಏರ್ಪಟ್ಟಿದೆ ಎಂದು ಅವರು ಸ್ಪಷ್ಟವಾಗಿ ಸಾರಿದರು. ಇಜ್ಮಾಅ್ ಎಂಬ ಪದ ಅಲ್ಲಿ ಹಗುರವಾಗಿ ಬಂದುದಲ್ಲ. ಆ ಸರ್ವಸಮ್ಮತಿ ಮೂಸಿಲ್‌ನ ಸಂತೆಗೆ ಮಾತ್ರ ಅನ್ವಯಿಸುತ್ತದೆಯೇ? ಹವಾನಿಯಂತ್ರಿತ ವಿಲ್ಲಾದ ಹಿಂಬದಿಯ ಕೋಣೆಯಲ್ಲಿ, ರಜೆಯಿಲ್ಲದೆ, ಸಂಬಳವಿಲ್ಲದೆ, ಫೋನಿಲ್ಲದೆ ವರ್ಷಗಟ್ಟಲೆ ದುಡಿಯುವ ಹೆಂಗಸಿನ ಮೇಲೆ ಮನೆಯ ಯಜಮಾನನಿಗಿರುವ ಅಧಿಕಾರಕ್ಕೆ ಫಿಕ್ಹ್‌ನಲ್ಲಿ ಏನು ಹೆಸರು? 'ಇಜಾರಃ' ಎನ್ನುವಿರಾದರೆ ಬಾಡಿಗೆ ಕರಾರಿಗೆ ನಿಶ್ಚಿತ ಕೂಲಿ ಬೇಕು, ನಿಶ್ಚಿತ ಅವಧಿ ಅಥವಾ ಕೆಲಸ ಬೇಕು, ಉಭಯರ ಸ್ವತಂತ್ರ ಸಮ್ಮತಿ ಬೇಕು. ಇವು ಇಲ್ಲದಲ್ಲಿ ಕರಾರು ಫಾಸಿದ್. 'ಕಫಾಲಃ' ಎನ್ನುವಿರಾ? ನಮ್ಮ ಕಿತಾಬುಗಳಲ್ಲಿ ಕಫಾಲಃ ಎಂದರೆ ಮತ್ತೊಬ್ಬನ ಹೊಣೆಯನ್ನು ತನ್ನ ಮೇಲೆ ಹೊತ್ತುಕೊಳ್ಳುವುದು. ಅನಾಥನನ್ನು ಸಲಹುವವನನ್ನು ಹದೀಸ್ ಕರೆಯುವುದು ಕಾಫಿಲ್ ಎಂದು. ಹೊಣೆಯ ಈ ಪವಿತ್ರ ಪದವನ್ನು ಒಡೆತನದ ಪದವನ್ನಾಗಿ ಮಾಡಿದ್ದು ಭಾಷೆಗಾದ ಅವಮಾನ ಮಾತ್ರವಲ್ಲ.

ಕೊಲ್ಲಿಯ ವಿಷಯ ಸಾಕು, ಮನೆಯಂಗಳಕ್ಕೆ ಬರೋಣ. ನಮ್ಮ ನೆರೆಯ ಹೈದರಾಬಾದಿನಲ್ಲಿ ಈ ವ್ಯಾಪಾರ ನಿಕಾಹ್‌ನ ಉಡುಪು ತೊಟ್ಟಿತು. 1991ರಲ್ಲಿ ಒಬ್ಬ ವೃದ್ಧ ಅರಬನಿಗೆ ಮದುವೆ ಮಾಡಿಕೊಟ್ಟ ಎಳೆಯ ಬಾಲಕಿ ವಿಮಾನದಲ್ಲಿ ಅಳುತ್ತಾ ಕುಳಿತಿದ್ದನ್ನು ಗಗನಸಖಿಯೊಬ್ಬಳು ಗಮನಿಸಿದಾಗ ದೇಶವೆಲ್ಲ ಬೆಚ್ಚಿಬಿದ್ದಿತು. 2017ರ ಸೆಪ್ಟೆಂಬರಿನಲ್ಲಿ ಅದೇ ನಗರದ ಪೊಲೀಸರು ಓಮಾನ್ ಮತ್ತು ಕತಾರ್‌ನ ಪ್ರಜೆಗಳನ್ನು ಬಂಧಿಸಿದಾಗ ಅವರ ಜೊತೆ ಖಾಝಿಗಳೂ ಬಂಧನಕ್ಕೊಳಗಾದರು. ಇಪ್ಪತ್ತಾರು ವರ್ಷ ಕಳೆದರೂ ಅದೇ ಕಥೆ. ಕೆಲವು ವಾರಗಳ ನಂತರ ಬಿಟ್ಟುಹೋಗುವ ಉದ್ದೇಶವನ್ನು ಮನಸ್ಸಿನಲ್ಲಿಟ್ಟು, ತಂದೆಯ ಕೈಗೆ ಹಣ ತುರುಕಿ, ಹುಡುಗಿಯ ವಯಸ್ಸು ತಿದ್ದಿ ಓದಿದ ಖುತುಬಾದಿಂದ ಆ ವ್ಯವಹಾರ ಪವಿತ್ರವಾಗುವುದಾದರೆ, ಇಬ್ನ್ ಉಬೈಯೂ ಒಬ್ಬ ಖಾಝಿಯನ್ನು ಇಟ್ಟುಕೊಳ್ಳಬಹುದಿತ್ತು. ಸುನ್ನೀ ಫಿಕ್ಹ್‌ನಲ್ಲಿ ಮುತ್‌ಆ ನಿಷಿದ್ಧವೆಂದು ಮದ್ರಸಾದ ಕೆಳತರಗತಿಯ ವಿದ್ಯಾರ್ಥಿಗೂ ಗೊತ್ತು. ಅವಧಿಯನ್ನು ಬಾಯಲ್ಲಿ ಹೇಳದೆ ಜೇಬಿನಲ್ಲಿಟ್ಟುಕೊಂಡ ಮಾತ್ರಕ್ಕೆ ಮಾರಾಟದ ಗುಣ ಬದಲಾಗುವುದಿಲ್ಲ.

ನಮ್ಮ ಕರಾವಳಿಯ ಜಿಲ್ಲೆಗಳು, ಭಟ್ಕಳದಿಂದ ಮಂಗಳೂರಿನವರೆಗೆ, ಅರ್ಧ ಶತಮಾನದಿಂದ ಕೊಲ್ಲಿಯ ದುಡಿಮೆಯ ಮೇಲೆ ಮನೆ ಕಟ್ಟಿವೆ, ಮಸೀದಿ ಕಟ್ಟಿವೆ. ಆ ದುಡಿಮೆ ಗೌರವದ್ದು, ಅದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಪ್ರಶ್ನೆ ಇರುವುದು ವೀಸಾದ ವ್ಯಾಪಾರದ ಬಗ್ಗೆ. ನೋಂದಾಯಿತ ನೇಮಕಾತಿ ಏಜೆಂಟ್ ಒಬ್ಬ ಕಾರ್ಮಿಕನಿಂದ ಪಡೆಯಬಹುದಾದ ಸೇವಾಶುಲ್ಕಕ್ಕೆ ಭಾರತ ಸರ್ಕಾರ ಹಾಕಿರುವ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಇಸಿಆರ್ ಪಾಸ್‌ಪೋರ್ಟಿನ ಮಹಿಳೆ ಮನೆಗೆಲಸಕ್ಕೆ ಹೋಗಬೇಕಾದರೆ ವಯಸ್ಸು 30 ದಾಟಿರಬೇಕು, ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು ಎಂಬ ನಿಯಮ 2016ರಿಂದ ಇದೆ. ಈ ನಿಯಮವನ್ನು ದಾಟುವ ಸುಲಭದ ಹಾದಿ ವಿಸಿಟ್ ವೀಸಾ. 'ಫ್ರೀ ವೀಸಾ' ಎಂದು ಲಕ್ಷಗಳಿಗೆ ಮಾರುವುದು ಇನ್ನೊಂದು ಹಾದಿ; ಅದರಲ್ಲಿ ಫ್ರೀ ಆಗಿರುವುದು ಏನೂ ಇಲ್ಲ. ಕೆಲಸವೇ ಇಲ್ಲದ ಕಫೀಲನ ಹೆಸರಿನಲ್ಲಿ ಇಳಿದವನು ಹೊರಗೆಲ್ಲೋ ದುಡಿದರೆ ಅಕ್ರಮ ಕಾರ್ಮಿಕ, ದುಡಿಯದಿದ್ದರೆ ಊರಿನ ಸಾಲಗಾರ. ತಾಯಿಯ ಬಳೆ ಅಡವಿಟ್ಟು ತಂದ ಆ ಸಾಲವೇ ಅವನ ಕಾಲಿನ ಸರಪಳಿ. ಇಂಥ ವೀಸಾ ಮಾರುವವರು ಪರಕೀಯರಲ್ಲ. ಜಮಾಅತಿನ ಸಾಮಾನ್ಯ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತವರು, ಉರೂಸ್‌ಗೂ ಇಫ್ತಾರಿಗೂ ದೇಣಿಗೆ ಬರೆಸುವವರು ಅವರಲ್ಲಿದ್ದಾರೆ. ಬಡ್ಡಿಯ ಹಣದಿಂದ ಮಸೀದಿಯ ಬಾವಿ ತೋಡಬಹುದೇ ಎಂದು ಫತ್ವಾ ಕೇಳುವ ಸಮಿತಿಗಳು ವೀಸಾದ ಹಣದ ಬಗ್ಗೆ ಕೇಳಿದ್ದುಂಟೇ?

ಇತ್ತೀಚೆಗೆ ಈ ಜಾಲ ಪೂರ್ವಕ್ಕೂ ಹಬ್ಬಿದೆ. ಕಂಪ್ಯೂಟರ್ ಕೆಲಸವೆಂದು ನಂಬಿಸಿ ವಿದ್ಯಾವಂತ ಯುವಕರನ್ನು ಥಾಯ್ಲೆಂಡಿಗೆ ಕರೆಸಿ, ಅಲ್ಲಿಂದ ಮ್ಯಾನ್ಮಾರಿನ ಮ್ಯಾವಡಿಯಂಥ ಕಡೆಗಳಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುವ ಶಿಬಿರಗಳ ಸುದ್ದಿ ಎಲ್ಲರೂ ಓದಿದ್ದಾರೆ. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರು ಹೀಗೆ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ಕರೆತರಲಾಯಿತು. ಇಲ್ಲಿಯೂ ಮೊದಲ ಕೊಂಡಿ ಊರಿನ ಪರಿಚಿತನೇ.

ಹಾಗಾದರೆ ಮಾಡಬೇಕಾದುದೇನು? ಸರ್ಕಾರಗಳ ಕೆಲಸ ಸರ್ಕಾರಗಳಿಗಿರಲಿ. ಸಮುದಾಯದ ಕೈಯಲ್ಲೇ ಇರುವ ಒಂದು ಸಾಧನದ ಬಗ್ಗೆ ಹೇಳುತ್ತೇವೆ. ಸೂರಃ ಅತ್ತೌಬಃದ 60ನೆಯ ವಚನ ಝಕಾತಿನ ಎಂಟು ಹಕ್ಕುದಾರರನ್ನು ಹೆಸರಿಸುತ್ತದೆ. ಅದರಲ್ಲಿ 'ರಿಕಾಬ್', ಅಂದರೆ ಕೊರಳುಗಳ ಬಿಡುಗಡೆ, ಒಂದು. ನಮ್ಮ ಝಕಾತ್ ಸಮಿತಿಗಳ ಕರಪತ್ರಗಳಲ್ಲಿ ಈ ಸಾಲಿನ ಎದುರು 'ಈಗ ಅನ್ವಯಿಸುವುದಿಲ್ಲ' ಎಂಬ ಷರಾ ಕಾಣಸಿಗುತ್ತದೆ. ಗುಲಾಮರು ಇಲ್ಲ, ಆದ್ದರಿಂದ ಪಾಲೂ ಇಲ್ಲ ಎಂಬ ತರ್ಕ. ಹನಫೀ ಮತ್ತು ಶಾಫಿಈ ಫುಕಹಾಗಳು ಇದನ್ನು ಬಿಡುಗಡೆಯ ಕರಾರು ಮಾಡಿಕೊಂಡ ಗುಲಾಮನಿಗೆ ಸೀಮಿತಗೊಳಿಸಿದ್ದು ಹೌದು. ಹಂಬಲೀ ಫುಕಹಾಗಳಾದರೋ ಸೆರೆಯಾಳಿನ ಬಿಡುಗಡೆಗೂ ಈ ಪಾಲನ್ನು ಬಳಸಬಹುದೆಂದರು. ಈ ಭಿನ್ನಾಭಿಪ್ರಾಯವನ್ನು ಇಂದಿನ ಸ್ಥಿತಿಯ ಬೆಳಕಿನಲ್ಲಿ ಮತ್ತೆ ಚರ್ಚಿಸುವುದು ನಮ್ಮ ಮುಫ್ತಿಗಳ ಹೊಣೆ. ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾದ ಅಗತ್ಯವೂ ಇಲ್ಲ. ಅದೇ ವಚನದಲ್ಲಿ 'ಗಾರಿಮೀನ್' ಇದ್ದಾರೆ, ತೀರಿಸಲಾಗದ ಸಾಲದಲ್ಲಿ ಮುಳುಗಿದವರು. 'ಇಬ್ನುಸ್ಸಬೀಲ್' ಇದ್ದಾನೆ, ಕೈಯಲ್ಲಿ ದಾರಿಖರ್ಚಿಲ್ಲದೆ ಪರದೇಶದಲ್ಲಿ ಸಿಲುಕಿದ ಪ್ರಯಾಣಿಕ. ವೀಸಾದ ಸಾಲ ಹೊತ್ತು, ಸಂಬಳ ಕಾಣದೆ, ಟಿಕೆಟ್ಟಿಗೆ ಹಣವಿಲ್ಲದೆ ರಿಯಾದಿನಲ್ಲೋ ಮಸ್ಕತಿನಲ್ಲೋ ಅಲೆಯುವವನು ಈ ಎರಡು ಪಾಲುಗಳಿಗೆ ಹಕ್ಕುದಾರನೆಂಬುದಕ್ಕೆ ಯಾವ ಮಝ್‌ಹಬಿನ ಅಡ್ಡಿಯಿದೆ? ಸಿಲುಕಿಕೊಂಡವರು ಮುಸ್ಲಿಮೇತರರಾದರೆ ಸದಕಾದ ಬಾಗಿಲು ತೆರೆದೇ ಇದೆ. ಕೂಲಿಗಾರನ ಹದೀಸಿನಲ್ಲಿ ಅವನ ಧರ್ಮವನ್ನು ಕೇಳಿಲ್ಲ.

ಒಂದೊಂದು ಜಮಾಅತ್ ತನ್ನ ವ್ಯಾಪ್ತಿಯಿಂದ ಹೊರದೇಶಕ್ಕೆ ಹೋಗುವವರ ಹೆಸರು, ಕಳುಹಿಸಿದ ಏಜೆಂಟಿನ ಹೆಸರು, ಕೊಟ್ಟ ಹಣ, ಕರಾರಿನ ಪ್ರತಿ ಇವುಗಳನ್ನು ನಿಕಾಹ್ ಪುಸ್ತಕದ ಪಕ್ಕದಲ್ಲೇ ಇನ್ನೊಂದು ಪುಸ್ತಕದಲ್ಲಿ ಬರೆದಿಡಲು ಎಷ್ಟು ಖರ್ಚಾದೀತು? ಏಜೆಂಟ್ ನೋಂದಾಯಿತನೇ ಎಂಬುದನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹತ್ತು ನಿಮಿಷದಲ್ಲಿ ನೋಡಬಹುದು. ಸಂಕಷ್ಟದಲ್ಲಿರುವವರಿಗಾಗಿ ಭಾರತೀಯ ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿ ಇದೆ, ದೂರು ಸಲ್ಲಿಸಲು 'ಮದದ್' ಎಂಬ ಜಾಲತಾಣವಿದೆ. ಇವುಗಳ ಹೆಸರು ಗೊತ್ತಿಲ್ಲದೆ ವರ್ಷಗಟ್ಟಲೆ ಸೆರೆಯಂಥ ಬದುಕು ನಡೆಸಿದವರಿದ್ದಾರೆ. ಸಂಜೆಯ ಮದ್ರಸಾ ಮುಗಿದ ಮೇಲೆ ಅಂಥ ಒಂದು ಅರ್ಜಿ ತುಂಬಿಕೊಡುವುದು ಉಸ್ತಾದರುಗಳ ಗೌರವಕ್ಕೆ ಕುಂದಲ್ಲ.

ಮತ್ತು ಏಜೆಂಟರು. ತನ್ನ ಮೂಲಕ ಹೋದವಳು ಸಂಬಳವಿಲ್ಲದೆ ಬೀಗದೊಳಗಿದ್ದಾಳೆಂದು ತಿಳಿದ ಮೇಲೂ ಫೋನ್ ಎತ್ತದವನ ಹೆಸರನ್ನು ಜಮಾಅತಿನ ಕಾರ್ಯಕಾರಿ ಸಮಿತಿಯ ಪಟ್ಟಿಯಿಂದ ತೆಗೆಯಬೇಕು. ಅವನು ಬರೆಸಿದ ದೇಣಿಗೆಯನ್ನು ಮೊದಲು ಆಕೆಯ ಮನೆಗೆ ತಲುಪಿಸಿ ಬರಲು ಹೇಳಬೇಕು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಮಿನಾರದ ಸುಣ್ಣಬಣ್ಣಕ್ಕಿಂತ ಮೇಲೆ ಈ ವಿಷಯವನ್ನು ಬರೆಯಲು ಎಷ್ಟು ಕಾರ್ಯದರ್ಶಿಗಳು ಸಿದ್ಧರಿದ್ದಾರೆ?